ನೂರಿಪ್ಪತ್ತೇಳನೆಯ ಗುಂಡಿ

ವರ್ಷ ಮುಗಿಯುತ್ತ ಬಂತು. ಕೊಟ್ಕಾ ಬಂದರಿನಲ್ಲಿ
ಮಧ್ಯಾಹ್ನ ಮೂರಕ್ಕೇ ದೀಪ.
ಚೀಲದಲ್ಲಿ ಸ್ಕ್ರೂಡ್ರೈವರು, ಬದಲಿ ಸೂಜಿ, ಒರೆಸುವ ಬಟ್ಟೆ,
ಎಪ್ಪತ್ತಾರರಲ್ಲಿ ಗೆದ್ದ ಹಾಡುಗಳ ಕಪ್ಪು ತಟ್ಟೆಗಳು.
ಮೂವತ್ತೊಂದು ಬಾರುಗಳ ಹಾಡಿನ ಪೆಟ್ಟಿಗೆಗೆ
ನಾನೇ ವೈದ್ಯ, ಹುಂಡಿ ಒಡೆಯುವವನೂ ನಾನೇ.

ಇಷ್ಟೊಂದು ಹೊರುತ್ತೀಯಲ್ಲ, ನಿನಗೆ ಯಾವುದು ಇಷ್ಟ
ಅಂತ ಕೇಳಿದೆಯಲ್ಲ ಐಲಿ,
ಕೂತುಕೋ. ಪತ್ರಿಕೆಯವರಂತೂ ನನ್ನನ್ನು ಕೇಳಲಿಲ್ಲ.

ಮೊದಲನೆಯದು ಹದಿನಾಲ್ಕು ವಾರ ಕುರ್ಚಿ ಬಿಡಲಿಲ್ಲ.
ಹುಡುಗ ಅಳುತ್ತಾನೆ; ಅವನಿಗಿಂತ ಮೊದಲೇ
ಹಿಂದೆ ಮೂವತ್ತು ಪಿಟೀಲು ಅಳಲು ಶುರು.
ಅಳಲಿ, ಬೇಡ ಅನ್ನಲಾರೆ;
ಆದರೆ ಹೊದಿಕೆಯ ಮೇಲೆ ಅಷ್ಟು ಬೆಳ್ಳನೆಯ ಹಲ್ಲು
ಅಳುವವನಿಗೆ ಇರಬಾರದು.
ಉಂಡ ಮನೆಗೆ ಎರಡು ಬಗೆಯಲಾರೆ:
ಆ ಪಿಟೀಲಿನ ದುಡ್ಡಲ್ಲೇ ನಮ್ಮ ಹೊಸ ಒಲೆ ಬಂದದ್ದು.

ಎರಡನೆಯದಕ್ಕೆ ಹೆಲ್ಸಿಂಕಿಯಲ್ಲಿ ಕುಣಿಯುತ್ತಾರಂತೆ.
ಇಲ್ಲಿ ಹಡಗಿನ ಹಮಾಲರು ಬೂಟು ಕಳಚದೆ ಕೂತು
ಒಂದೇ ಬೆರಳಲ್ಲಿ ತಾಳ ಹಾಕುತ್ತಾರೆ,
ಅದೂ ಮೇಜಿನ ಕೆಳಗೆ.

ನಾಲ್ಕನೆಯದು ಟ್ಯಾಂಗೋ. ಅದರ ಬಗ್ಗೆ ಮಾತಿಲ್ಲ.
ನಿನ್ನನ್ನು ಕಂಡದ್ದೇ ಟ್ಯಾಂಗೋದಲ್ಲಿ,
ನ್ಯಾಯ ಹೇಳುವ ಹಕ್ಕು ಅಂದೇ ಹೋಯಿತು.

ಮೂರನೆಯದು ಬಿಟ್ಟೆನೆ? ತಡಿ, ಬರುತ್ತದೆ.

ಪೆಟ್ಟಿಗೆಯ ಬೆನ್ನು ತೆರೆದರೆ
ಹಾಡಿಗೊಂದು ಲೆಕ್ಕ ಇದೆ, ಸಣ್ಣ ಸಣ್ಣ ಅಂಕಿಗಳಲ್ಲಿ.
ಬಾಯಿ ಹೇಳುವ ಮೆಚ್ಚುಗೆ ಬೇರೆ, ಅಂಕಿ ಹೇಳುವುದು ಬೇರೆ.
ಪ್ರೇಮಗೀತೆ ಅಂದರೆ ಉಗಿಯುವ ಕೆಟ್ಟುನೆನ್
ಒಬ್ಬನೇ ಕುಡಿಯುವ ಮಂಗಳವಾರ
ಯಾವ ಗುಂಡಿ ಒತ್ತುತ್ತಾನೆಂದು ನನಗೆ ಗೊತ್ತು.
ಹೇಳುವುದಿಲ್ಲ. ವೈದ್ಯ ಹೇಳಬಾರದು.

ಇವತ್ತು ಮರದ ಅಡ್ಡೆ ಪಕ್ಕದ ರೌಟಿಯೊ ಬಾರು.
ನೂರಿಪ್ಪತ್ತೇಳನೆಯ ಗುಂಡಿ: ನಾನೂರ ಹನ್ನೆರಡು.
ಎರಡು ಸಲ ಒರೆಸಿ ನೋಡಿದೆ, ನಾನೂರ ಹನ್ನೆರಡೇ.
ವಸಂತದಲ್ಲಿ ಮೂವತ್ತೆಂಟಕ್ಕೆ ಹತ್ತಿ
ಎರಡೇ ವಾರಕ್ಕೆ ಉರುಳಿ ಬಿದ್ದ ಹಾಡು ಅದು,
ಹಾಡಿದವನ ಹೆಸರು ನನಗೂ ಬಾರದು.
ದುಡ್ಡು ಸುರಿದರೆ ಅರ್ಧಕ್ಕರ್ಧ ಕೆಂಪು ನಾಣ್ಯ:
ಉಗುರಿನ ಬಣ್ಣ ಬಳಿದು ಮಾಲೀಕ ಮನೆಮಂದಿಗೆ ಕೊಡುವಂಥದ್ದು,
ಲೆಕ್ಕಕ್ಕಿಲ್ಲ, ತಿರುಗಿ ಕೊಟ್ಟು ಬರಬೇಕು.

ಕೊಡಲು ಹೋದರೆ ಕೈ ಚಾಚಿದವಳು
ನೆಲ ಒರೆಸುವ ಹಿಲ್ಕ.

'ಅದೊಂದೇ ಉದ್ದ ಇರೋದು' ಅಂದಳು.
'ಇತ್ತ ಮೂಲೆಯಿಂದ ಅತ್ತ ಬಾಗಿಲವರೆಗೆ ಒಂದು ಹಾಡು,
ಒಣಗೋಕೆ ಮತ್ತೆ ಅದೇ ಹಾಡು.
ಮಿಕ್ಕವು ಗಿಡ್ಡ, ನಂಬಿ ಕಾಲಿಟ್ಟರೆ ಜಾರಿ ಬೀಳ್ತೀನಿ.'

ಸಾಹಿತ್ಯ ಹೇಗಿದೆ ಅಂದೆ.
'ಇಂಗ್ಲಿಷು. ಏನೋ ಬೇಡ್ತಾ ಇದ್ದಾನೆ, ಪಾಪ.
ಕೊನೇವರೆಗೂ ಕಾಯ್ತೀನಿ ದಿನಾ,
ಸಿಕ್ಕಿತೋ ಇಲ್ಲವೋ ತಿಳಿಯಲ್ಲ.'

ಐಲಿ, ಇಡೀ ವರ್ಷ ಎಷ್ಟು ವಿಮರ್ಶೆ ಓದಿದೆವು ನಾವು,
ಒಂದರಲ್ಲೂ ಹಸಿ ನೆಲ ಇರಲಿಲ್ಲ.

ಕಂಪನಿ ಆಜ್ಞೆ ಜೇಬಿನಲ್ಲಿತ್ತು:
ಬಿದ್ದದ್ದು ತೆಗೆ, ಗೆದ್ದದ್ದು ಹಾಕು.
ಹಾಕಬೇಕಾದ್ದು ಮೂರನೆಯದು.
ಬೆಳಕಿಗೆ ಹಿಡಿದು ನೋಡಿದೆ: ಎರಡು ನಿಮಿಷ ಹತ್ತು ಸೆಕೆಂಡು,
ಚೆನ್ನಾಗಿ ಬಾಚಿದ ತಲೆಯಂತೆ ಹೊಳೆಯುತ್ತಿತ್ತು.

ನನ್ನ ಅಭಿಪ್ರಾಯ ಕೇಳಿದೆಯಲ್ಲ.
ಅದು ಇನ್ನೂ ಚೀಲದಲ್ಲೇ ಇದೆ, ಹೊದಿಕೆ ಬಿಚ್ಚಿಲ್ಲ.
ಹೆಬ್ಬೆರಳಿನ ಈ ಕೆಂಪು
ಗಾಯ ಅಲ್ಲ, ಬಿಡು,
ಒಣಗದ ನಾಣ್ಯವೊಂದು ಅಂಟಿದ್ದು.